ದಮ್ಮಾಮಿನ ಪೆಟ್ಟಿಗೆ

ಪೆಟ್ಟಿಗೆ ಕಟ್ಟಿದ್ದು ನಾನು. ಮೊದಲೇ ಹೇಳಿಬಿಡುತ್ತೇನೆ. ಈ ಒಂದು ಮಾತು ಬಾಯಿಂದ ಹೊರಗೆ ಬರಲು ನನಗೆ ಒಂದು ವರ್ಷ ಹಿಡಿಯಿತು. ಬಂದದ್ದಾದರೂ ಎಲ್ಲಿ? ಬೆಳ್ತಂಗಡಿಯ ಕೋರ್ಟಿನಲ್ಲಿ. ಕಪ್ಪು ಕೋಟಿನವರ ಎದುರು, ನನ್ನನ್ನು ಬಿಟ್ಟವನ ಎದುರು, ನನಗೆ ಕೋಣೆ ಬಾಡಿಗೆಗೆ ಕೊಟ್ಟ ಹೆಂಗಸಿನ ಎದುರು.

ನನ್ನ ಹೆಸರು ರುಕಿಯಾ. ಮೂಡುಬಿದಿರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಅಡುಗೆ ಎಂದರೆ ಅಡುಗೆಯೂ ಅಲ್ಲ, ಚಪಾತಿ. ಬೆಳಿಗ್ಗೆ ಐದೂವರೆಗೆ ನಿಂತರೆ ಎಂಟೂವರೆಗೆ ಒಂದೂವರೆ ಸಾವಿರ ಚಪಾತಿ ಆಗಬೇಕು. ನಾಲ್ಕು ಹೆಂಗಸರು. ಇಬ್ಬರು ಲಟ್ಟಿಸುವುದು, ಇಬ್ಬರು ಕಾಯಿಸುವುದು. ನಾನು ಕಾಯಿಸುವವಳು. ಮೊಣಕೈಯಿಂದ ಕೆಳಗೆ ನನ್ನ ಕೈಯಲ್ಲಿ ರೋಮ ಇಲ್ಲ, ಸುಟ್ಟುಹೋಗಿದೆ. ಬೆರಳ ತುದಿಗೆ ಬಿಸಿ ಗೊತ್ತಾಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ ಹಿಡಿಯುವುದಿಲ್ಲ. ಚಪಾತಿ ಮುಗಿದ ಮೇಲೆ ಪಾತ್ರೆ. ಅರ್ಧ ಮೈ ಒಳಗೆ ಹಾಕಿ ಉಜ್ಜಬೇಕಾದಷ್ಟು ದೊಡ್ಡ ಪಾತ್ರೆ. ಡಾಕ್ಟರು, ಎಂಜಿನಿಯರು ಆಗಲು ಎಲ್ಲೆಲ್ಲಿಂದಲೋ ಬಂದ ಮಕ್ಕಳು, ಚಪಾತಿ ಸ್ವಲ್ಪ ಗಟ್ಟಿಯಾದರೆ ತಟ್ಟೆಯಲ್ಲೇ ಬಿಟ್ಟು ಹೋಗುತ್ತಾರೆ. ತಿಂಗಳಿಗೆ ಹನ್ನೆರಡು ಸಾವಿರ ಸಂಬಳ.

ನೌಫಲ್ ಆರು ವರ್ಷ ನನ್ನ ಗಂಡನಾಗಿದ್ದ. ಮನೆ ಗುರುವಾಯನಕೆರೆಯಲ್ಲಿ, ಕೆಲಸ ಸೌದಿಯ ದಮ್ಮಾಮಿನ ಒಂದು ಸೂಪರ್ ಮಾರ್ಕೆಟಿನಲ್ಲಿ. ತಲಾಕ್ ಆಯಿತು. ಯಾಕೆ ಆಯಿತು ಎಂದು ಇಲ್ಲಿ ಹೇಳುವುದಿಲ್ಲ. ಅದನ್ನು ಕೇಳುವವರು ಮೊದಲೇ ತೀರ್ಪು ಬರೆದಿಟ್ಟುಕೊಂಡು ಕೇಳುತ್ತಾರೆ. ಮಗಳು ಸಜ್ನಾ ನನ್ನ ಜೊತೆ ಉಳಿದಳು. ಮಗುವಿಗೆ ತಿಂಗಳಿಗೆ ಐದು ಸಾವಿರ ಜೀವನಾಂಶ ಕೊಡಬೇಕು ಎಂದು ಬೆಳ್ತಂಗಡಿ ಕೋರ್ಟು ಆದೇಶ ಮಾಡಿತು. ಎರಡು ವರ್ಷ ಕೊಟ್ಟ. ಆಮೇಲೆ ಇನ್ನೊಂದು ಮದುವೆಯಾದ. 2023ರ ಜೂನ್ ತಿಂಗಳಲ್ಲಿ ಹಣ ಬರಲಿಲ್ಲ. ಜುಲೈಯಲ್ಲೂ ಬರಲಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ.

ಆಗ ನಾನು ಪಾಣೆಮಂಗಳೂರಿನ ತಾಯಿ ಮನೆಯಲ್ಲಿದ್ದೆ. ಐದು ಸಾವಿರ ಬರುತ್ತಿದ್ದಷ್ಟು ದಿನ ಮನೆ ಮಗಳು. ಅದು ನಿಂತ ಮೇಲೆ ಹೊರೆ. ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಣ್ಣನ ಹೆಂಡತಿ ಮೀನಿನ ತುಂಡು ಎಣಿಸಿ ಬಡಿಸತೊಡಗಿದಳು, ಅಷ್ಟೆ. ನನ್ನ ಉಮ್ಮ ಮೈಮೂನಮ್ಮ ಮಾತ್ರ ಒಂದೇ ಮಾತು ಹೇಳುತ್ತಿದ್ದರು.

"ಸಬರ್ ಮಾಡು ಮೋಳೇ, ಸ್ವಲ್ಪ ತಾಳಿಕೋ. ಅವ ರಜೆಯಲ್ಲಿ ಬರುವಾಗ ಮಸೀದಿಯ ಜಮಾಅತಿನಲ್ಲಿ ಕೂತು ಮಾತಾಡುವ. ಕೋರ್ಟು ಗೀರ್ಟು ಅಂತ ಹೋದರೆ ನಮ್ಮ ಮಾನ ಹೋಗ್ತದೆ."

ಅವನು ಕೊಡದೆ ಕೂತರೆ ಹೋಗದ ಮಾನ ನಾನು ಕೇಳಿದರೆ ಹೋಗುತ್ತದೆ. ಈಗ ಇದನ್ನು ಹೇಳುವಾಗ ಸಿಟ್ಟು ಬರುತ್ತದೆ. ಆಗ ಬರಲಿಲ್ಲ. ಆಗ ನನಗೂ ಹಾಗೇ ಅನಿಸಿತ್ತು. ತಲೆ ಅಲ್ಲಾಡಿಸಿ, ಸಜ್ನಾಳನ್ನು ಕರೆದುಕೊಂಡು, ಹಾಸ್ಟೆಲ್ ಕೆಲಸ ಹಿಡಿದು ಮೂಡುಬಿದಿರೆಗೆ ಬಂದೆ.

ಬಾಡಿಗೆ ಕೋಣೆ ಹುಡುಕಿದೆ. ಮೊದಲು ಕೇಳಿದ ಮೂರು ಕಡೆ ನಿಜ ಹೇಳಿದೆ. ಮೂರು ಕಡೆಯೂ ಇಲ್ಲ ಎಂದರು. ಒಬ್ಬರು ಅಡ್ವಾನ್ಸ್ ತೆಗೆದುಕೊಂಡು ಮರುದಿನ ವಾಪಸ್ ಕೊಟ್ಟರು. "ಗಂಡ ಬಿಟ್ಟವರಿಗೆ ಕೊಟ್ಟರೆ ನಾಳೆ ಯಾರೆಲ್ಲ ಬರ್ತಾರೋ, ನಮಗೆ ಬೇಡ ಮಾರ್ರೆ. ನಾವು ಹೆಣ್ಣುಮಕ್ಕಳಿರುವವರು," ಎಂದರು. ನನ್ನ ಕೈ ಹಿಡಿದುಕೊಂಡು ನಿಂತಿದ್ದವಳೂ ಹೆಣ್ಣುಮಗುವೇ.

ನಾಲ್ಕನೆಯದು ಜೈನಬಮ್ಮನ ಮನೆ. ಹಿಂದಿನ ಹಿತ್ತಲಲ್ಲಿ ಸಾಲಾಗಿ ಐದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಐವತ್ತೈದು ವಯಸ್ಸು. ಗಂಡ ಮಸ್ಕತ್ತಿನಲ್ಲಿ ಮೂವತ್ತು ವರ್ಷ ದುಡಿದು ಅಲ್ಲೇ ತೀರಿಕೊಂಡವರು.

"ನಿನ್ನ ಗಂಡ ಎಲ್ಲಿ?"

"ದಮ್ಮಾಮಿನಲ್ಲಿ."

"ಹಾಗಾದರೆ ತೊಂದರೆ ಇಲ್ಲ. ಇಲ್ಲಿ ಎಲ್ಲರೂ ಗಲ್ಫಿನವರೇ," ಎಂದು ಬೀಗದ ಕೈ ಕೊಟ್ಟರು. ಬಾಡಿಗೆ ಮೂರೂವರೆ ಸಾವಿರ, ಹನ್ನೊಂದು ತಿಂಗಳ ಕರಾರು. ಅಷ್ಟೇ. ಒಂದು ಸುಳ್ಳಿಗೆ ಒಂದು ಬೀಗದ ಕೈ ಸಿಕ್ಕಿತು.

ಆ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ನಮ್ಮ ಕಡೆ ಎಲ್ಲ ಕಡೆಯೂ ಉಂಟು. ಗಲ್ಫಿನಿಂದ ಯಾರ ಮನೆಗಾದರೂ ಪೆಟ್ಟಿಗೆ ಬಂದರೆ ಅಕ್ಕಪಕ್ಕಕ್ಕೆ ಪಾಲು ಹೋಗಬೇಕು. ರಜೆಯಲ್ಲಿ ಬರುವವರ ಕೈಯಲ್ಲಿ ಗಂಡಂದಿರು ಕಳಿಸುತ್ತಾರೆ. ಬಿಚ್ಚಿದ ಕೂಡಲೇ ಒಂದು ಹಿಡಿ ಬಾದಾಮಿ, ನಾಲ್ಕು ಚಾಕಲೇಟು, ಒಂದು ಸಾಬೂನು, ಒಂದು ಬಾಟ್ಲಿ ತಲೆನೋವಿನ ಎಣ್ಣೆ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಪಕ್ಕದ ಕೋಣೆಯ ರಶೀನಾ ಒಮ್ಮೆ ಕೊಟ್ಟಳು. ಜೈನಬಮ್ಮನ ಮಗ ಬಂದಾಗ ಅವರೂ ಕೊಟ್ಟರು. ಮತ್ತೆ ರಶೀನಾ. ಮೂರು ಸಲ ತಟ್ಟೆ ಬಂತು. ಮೂರು ಸಲವೂ ನಾನು ಖಾಲಿ ತಟ್ಟೆ ತೊಳೆದು ವಾಪಸ್ ಕೊಟ್ಟೆ. ಮೂರನೆ ಸಲ ಜೈನಬಮ್ಮ ತಟ್ಟೆ ತೆಗೆದುಕೊಳ್ಳುತ್ತಾ, "ನಿನ್ನ ಗಂಡನಿಗೆ ಅಲ್ಲಿ ಕೆಲಸ ಉಂಟಲ್ಲ?" ಎಂದು ಕೇಳಿದರು. ನಗುತ್ತಾ ಕೇಳಿದರು. ಆ ನಗು ನನಗೆ ಆ ವಾರವಿಡೀ ಚುಚ್ಚಿತು.

ರಂಜಾನ್ ತಿಂಗಳು ಬಂತು. ಉಮ್ಮನನ್ನು ನೋಡಲು ಹೋದವಳು ಬಿ.ಸಿ.ರೋಡಿನಲ್ಲಿ ಇಳಿದೆ. ಅಲ್ಲಿ ಹನೀಫಾ ಎನ್ನುವವರ ಅಂಗಡಿ ಉಂಟು, ಗಲ್ಫಿಗೆ ಹೋಗದೆ ಗಲ್ಫಿನ ಸಾಮಾನು ಸಿಗುವ ಅಂಗಡಿ. ಅರ್ಧ ಕಿಲೋ ಬಾದಾಮಿ, ನಾಲ್ಕು ಸಾಬೂನು, ಮೂರು ಬಾಟ್ಲಿ ಎಣ್ಣೆ, ಒಂದು ಡಬ್ಬ ಹಾಲಿನ ಪುಡಿ, ಸಜ್ನಾಳಿಗೆ ಇಷ್ಟದ ಹಸಿರು ಕಾಗದದ ಪಿಸ್ತಾ ಚಾಕಲೇಟು. ಸಾವಿರದ ಎಂಟುನೂರ ನಲವತ್ತಾಯಿತು. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟೆ. ಆಮೇಲೆ ನೆಲ ನೋಡುತ್ತಾ ಕೇಳಿದೆ:

"ಒಂದು ಖಾಲಿ ಬಾಕ್ಸ್ ಉಂಟಾ? ದೊಡ್ಡದು."

ಹನೀಫಾ ನನ್ನ ಮುಖ ನೋಡಿದರು. ಯಾಕೆ ಎಂದು ಕೇಳಲಿಲ್ಲ. ಒಳಗೆ ಹೋಗಿ ಅರಬಿ ಅಕ್ಷರದ ರಟ್ಟಿನ ಪೆಟ್ಟಿಗೆ, ನೀಲಿ ಹಗ್ಗ, ಕಪ್ಪು ಮಾರ್ಕರ್ ತಂದಿಟ್ಟರು.

"ಹೆಸರು, ಫೋನ್ ನಂಬರು ದೊಡ್ಡದಾಗಿ ಬರೀರಿ. ಅಲ್ಲಿಂದ ಕಳಿಸುವವರು ಹಾಗೇ ಬರೆಯುವುದು," ಎಂದರು. ನನ್ನ ಕಿವಿ ಬಿಸಿಯಾಯಿತು. ಬಗ್ಗಿ ಬರೆಯುತ್ತಿದ್ದವಳಿಗೆ ಮೆಲ್ಲ ಹೇಳಿದರು: "ನಾಚಿಕೆ ಮಾಡಬೇಡಿ. ನೀವು ಮೊದಲನೆಯವರಲ್ಲ."

ಸಾಮಾನು ಪೆಟ್ಟಿಗೆಯ ಕಾಲು ಭಾಗಕ್ಕೂ ಬರಲಿಲ್ಲ. ಉಮ್ಮನ ಮನೆಯ ಹಳೆ ಪೇಪರು, ನನ್ನ ಹರಿದ ಎರಡು ನೈಟಿ ತುರುಕಿ ಬಿಗಿದು ಕಟ್ಟಿದೆ. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಮೂಡುಬಿದಿರೆ ಬಸ್ ಸ್ಟ್ಯಾಂಡಿನಿಂದ ಕೋಣೆಗೆ ನಡೆಯುವಷ್ಟೇ ದೂರ. ಆದರೂ ಆಟೋ ಮಾಡಿದೆ, ಅಂಗಳದವರೆಗೆ ಬರಲು ಹೇಳಿದೆ. ನಾಲ್ಕು ಕೋಣೆಯವರೂ ಹೊರಗೆ ಬಂದು ನೋಡಬೇಕಿತ್ತು. ನೋಡಿದರು.

"ಊರಿನವರೊಬ್ಬರು ಬಂದಿದ್ದರು, ಅವರ ಕೈಯಲ್ಲಿ ಕಳಿಸಿದ್ದು," ಎಂದೆ ಜೈನಬಮ್ಮನಿಗೆ.

ಸಜ್ನಾ ಒಳಗಿನಿಂದ ಓಡಿ ಬಂದಳು. ಅವಳಿಗೆ ಆಗ ಒಂಬತ್ತು, ಅಪ್ಪನಿಗೆ ಉಪ್ಪ ಎನ್ನುತ್ತಾಳೆ. "ಉಪ್ಪ ಕಳಿಸಿದ್ದಾ ಉಮ್ಮಾ?" ಎಂದು ಕೇಳಿದಳು. ಜೈನಬಮ್ಮ ಪಕ್ಕದಲ್ಲೇ ನಿಂತಿದ್ದರು. ಹೌದು ಎಂದೆ. ಅಲ್ಲಿಯವರೆಗೆ ಸುಳ್ಳು ಹೊರಗಿನವರಿಗೆ ಮಾತ್ರ ಹೇಳಿದ್ದೆ. ಆ ದಿನ ಮಗಳಿಗೂ ಹೇಳಿದೆ. ಅವಳು ಪೆಟ್ಟಿಗೆಯ ಮೇಲಿದ್ದ ನನ್ನ ಹೆಸರನ್ನು ಬೆರಳಿಟ್ಟು ಓದಿ, ನನ್ನ ಫೋನಿನಲ್ಲಿ ಅದರ ಫೋಟೋ ತೆಗೆದಳು. ತೆಗೆದುಕೊಳ್ಳಲಿ ಎಂದುಕೊಂಡೆ.

ಬಕ್ರೀದಿಗೆ ಇನ್ನೊಂದು ಪೆಟ್ಟಿಗೆ ಕಟ್ಟಿದೆ. ಸೆಪ್ಟೆಂಬರಿನಲ್ಲಿ ಮತ್ತೊಂದು. ರಶೀನಾಳ ಗಂಡ ಬಂದು ಹೋಗಿದ್ದ, ತಟ್ಟೆ ತುಂಬ ಕೊಟ್ಟಿದ್ದರು, ತಿರುಗಿ ಕೊಡಬೇಕಲ್ಲ. ಆ ಮೂರನೆ ಪೆಟ್ಟಿಗೆ ಕಟ್ಟಿದ ವಾರವೇ ಸಜ್ನಾಳ ಟೀಚರು ಡೈರಿಯಲ್ಲಿ ಬರೆದು ಕಳಿಸಿದ್ದರು: ಮಗುವಿಗೆ ಬೋರ್ಡು ಕಾಣುವುದಿಲ್ಲ, ಕಣ್ಣು ತೋರಿಸಿ. ತೋರಿಸಿದೆ. ಕನ್ನಡಕಕ್ಕೆ ಎರಡು ಸಾವಿರದ ಇನ್ನೂರು ಎಂದರು. ನನ್ನ ಹತ್ತಿರ ಇರಲಿಲ್ಲ. ಎರಡು ತಿಂಗಳು ನನ್ನ ಮಗಳು ಬೋರ್ಡು ಕಾಣದೆ ಕೂತಳು. ಪಕ್ಕದ ಹುಡುಗಿಯ ಪುಸ್ತಕ ನೋಡಿ ಬರೆದಳು, ಕಾಪಿ ಹೊಡೆಯುತ್ತಾಳೆ ಎಂದು ಬೈಸಿಕೊಂಡಳು. ಆ ಎರಡು ತಿಂಗಳು ನಾಲ್ಕು ಕೋಣೆಯವರು ನಾನು ಕೊಟ್ಟ ಬಾದಾಮಿ ತಿಂದರು. ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಶಾಲೆಗೆ ಕರೆಸಿದಾಗ ಟೀಚರ ಹತ್ತಿರ ನಿಜ ಹೇಳಿದೆ. ಬೇರೆ ದಾರಿ ಇರಲಿಲ್ಲ. ಅವರೇ ಹೇಳಿದ್ದು, ಬೆಳ್ತಂಗಡಿ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಉಂಟು, ಹೆಂಗಸರಿಗೆ ಫೀಸಿಲ್ಲದೆ ವಕೀಲರನ್ನು ಕೊಡುತ್ತಾರೆ ಎಂದು. ನವೆಂಬರಿನಲ್ಲಿ ಒಂದು ದಿನದ ಸಂಬಳ ಕಳೆದುಕೊಂಡು ವೇಣೂರು ದಾರಿಯಾಗಿ ಹೋದೆ. ಗುರುವಾಯನಕೆರೆಯಲ್ಲಿ ಬಸ್ಸು ನಿಂತಾಗ ಸೆರಗು ಮುಖಕ್ಕೆ ಎಳೆದುಕೊಂಡೆ. ಅವನ ಮನೆಯವರು ಯಾರಾದರೂ ನೋಡಿದರೆ? ನೋಡಿದರೆ ಏನು ಎಂದು ಈಗ ಕೇಳುತ್ತೇನೆ.

ನನಗೆ ಕೊಟ್ಟ ವಕೀಲರ ಹೆಸರು ಸ್ವರ್ಣಲತಾ. ಕನ್ನಡಕ ಮೂಗಿನ ತುದಿಗಿಟ್ಟು ಹಳೆ ಆದೇಶ ಓದಿದರು.

"ಎಷ್ಟು ತಿಂಗಳು ಬಾಕಿ?"

"ಹದಿನೇಳು."

"ಇಷ್ಟು ದಿನ ಎಂತ ಮಾಡ್ತಿದ್ರಿ ಮಾರಾಯ್ತಿ? ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ಕೋರ್ಟು ವಾರಂಟು ಮಾಡ್ತದೆ. ಹಿಂದಿನ ಹನ್ನೆರಡು ತಿಂಗಳಿಗೆ ಹಾಕುವ. ಮೊದಲಿನ ಐದು ತಿಂಗಳು ಇದರಲ್ಲಿ ಸಿಗುವುದಿಲ್ಲ."

"ಅದು ಹೋಯಿತಾ?"

"ಬೇರೆ ದಾರಿ ಉಂಟಾ ಅಂತ ನೋಡ್ತೇನೆ. ಆದರೆ ಈ ಅರ್ಜಿಯಲ್ಲಿ ಇಲ್ಲ."

ಐದು ತಿಂಗಳು. ಇಪ್ಪತ್ತೈದು ಸಾವಿರ. ಮಾನ ಉಳಿಸಲು ಸುಮ್ಮನೆ ಕೂತದ್ದಕ್ಕೆ ನಾನು ಕೊಟ್ಟ ದಂಡ. ನಾನು ಕೊಟ್ಟದ್ದೂ ಅಲ್ಲ, ಸಜ್ನಾ ಕೊಟ್ಟದ್ದು.

"ಅವನ ಹೆಸರಲ್ಲಿ ಆಸ್ತಿ ಉಂಟಾ? ಜಪ್ತಿ ಮಾಡಿಸಬಹುದು."

"ಮನೆ ಅವನ ತಾಯಿ ಹೆಸರಲ್ಲಿ."

"ಅದೊಂದು ಉಪಾಯ ಎಲ್ಲರಿಗೂ ಗೊತ್ತಿರ್ತದೆ," ಎಂದು ಸ್ವರ್ಣಲತಾ ಟೇಬಲ್ ಬಡಿದರು. "ಇಲ್ಲಿಯ ಕೆಲಸ ಆದರೆ ಸಂಬಳದಿಂದಲೇ ಹಿಡಿಸಬಹುದಿತ್ತು. ದಮ್ಮಾಮಿನ ಅಂಗಡಿಗೆ ನಮ್ಮ ಕೋರ್ಟಿನ ಕಾಗದ ಹೋಗಿ ಮುಟ್ಟುವಾಗ ನಿಮ್ಮ ಮಗಳು ಡಿಗ್ರಿ ಮುಗಿಸ್ತಾಳೆ. ಉಳಿದದ್ದು ವಾರಂಟು. ಊರಿಗೆ ಬಂದರೆ ಹಿಡೀತಾರೆ. ಸರಿಯಾದ ಕಾರಣ ಇಲ್ಲದೆ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಉಂಟು. ಜೈಲಿಗೆ ಹೋದರೂ ಬಾಕಿ ಮಾಫಿ ಆಗುವುದಿಲ್ಲ, ಅದೂ ಗೊತ್ತಿರಲಿ."

"ಉಮ್ಮ ಜಮಾಅತಿನಲ್ಲಿ ಮಾತಾಡುವ ಅಂತಾರೆ."

"ಮಾತಾಡಿ, ಬೇಡ ಅನ್ನುವುದಿಲ್ಲ. ಮೊದಲು ಇಲ್ಲಿ ಸಹಿ ಹಾಕಿ."

ಹಾಕಿದೆ. ಕೊನೆಗೆ ಒಂದು ಪ್ರಶ್ನೆ ಕೇಳಿದರು, "ಬ್ಯಾಂಕಿಗೆ ಹಾಕದೆ ಬೇರೆ ರೀತಿಯಲ್ಲಿ ಏನಾದರೂ ಕಳಿಸಿದ್ದಾನಾ?" ಇಲ್ಲ ಎಂದೆ. ಅದು ನಿಜವೇ. ಪೆಟ್ಟಿಗೆಯ ವಿಷಯ ಹೇಳಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡೆ. ಸಂಬಂಧ ಇರಬಹುದು ಎಂದು ಹೊಳೆದಿದ್ದರೂ ಹೇಳುತ್ತಿರಲಿಲ್ಲ. ಹದಿನೇಳು ತಿಂಗಳು ಕೊಡದವನ ಹೆಸರು ಹೇಳಲು ನಾಲಿಗೆ ತಿರುಗಿತು, ನಾನು ಕಟ್ಟಿದ ಪೆಟ್ಟಿಗೆಯ ಹೆಸರು ಹೇಳಲು ತಿರುಗಲಿಲ್ಲ.

ಮುಂದಿನ ಏಪ್ರಿಲಿನಲ್ಲಿ ನೌಫಲ್ ತಂಗಿಯ ಮದುವೆಗೆಂದು ಊರಿಗೆ ಬಂದ. ಮದುವೆ ಮನೆಗೆ ಪೊಲೀಸರು ಬಂದರೆ ಕಷ್ಟ ಎಂದು ತಾನಾಗಿಯೇ ವಕೀಲರನ್ನು ಹಿಡಿದು ಕೋರ್ಟಿಗೆ ಹಾಜರಾದ. ತಕರಾರು ಅರ್ಜಿ ಹಾಕಿದ. ಸ್ವರ್ಣಲತಾ ಫೋನಿನಲ್ಲಿ ಅದನ್ನು ಓದಿ ಹೇಳಿದರು. ಊರಿಗೆ ಬರುವವರ ಕೈಯಲ್ಲಿ ಮೂರು ಸಲ ಪೆಟ್ಟಿಗೆ ಕಳಿಸಿದ್ದೇನೆ, ಪ್ರತಿ ಪೆಟ್ಟಿಗೆಯ ಜೊತೆ ಇಪ್ಪತ್ತು ಸಾವಿರ ನಗದು ಕಳಿಸಿದ್ದೇನೆ, ಬಾಕಿ ಏನೂ ಇಲ್ಲ. ಮೂರು ಇಪ್ಪತ್ತು ಅರವತ್ತು. ಹನ್ನೆರಡು ತಿಂಗಳ ಬಾಕಿ ಎಷ್ಟೋ ಅಷ್ಟೇ. ಸಾಕ್ಷಿಗೆ ಜೈನಬಮ್ಮನ ಹೆಸರು ಕೊಟ್ಟಿದ್ದ. ಫೋಟೋ, ಆಡಿಯೋ ಉಂಟು ಎಂದೂ ಬರೆದಿದ್ದ.

"ಇದೆಂತ ರುಕಿಯಾ, ಬಾಕ್ಸ್ ಅಂತೆ?"

"ಸುಳ್ಳು ಮೇಡಂ," ಎಂದು ಫೋನ್ ಇಟ್ಟೆ. ಮೂರು ಪೆಟ್ಟಿಗೆ ಎಂದು ದಮ್ಮಾಮಿನಲ್ಲಿ ಕೂತವನಿಗೆ ಹೇಗೆ ಗೊತ್ತಾಯಿತು? ಅದನ್ನೇ ಯೋಚಿಸುತ್ತಾ ಕೆಲಸದಲ್ಲಿ ಎರಡು ಸಲ ಕೈ ಸುಟ್ಟುಕೊಂಡೆ.

ಸಮನ್ಸು ಬಂದ ದಿನ ಜೈನಬಮ್ಮ ಕಾಗದ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು.

"ನೀನು ತಲಾಕ್ ಆದವಳಾ?"

"ಹೌದು."

"ಒಂದೂವರೆ ವರ್ಷ ನನ್ನ ಅಂಗಳದಲ್ಲಿ ಕೂತು ಸುಳ್ಳು ಹೇಳಿದೆಯಲ್ಲ. ನಾಚಿಕೆ ಆಗ್ಲಿಲ್ವಾ ನಿಂಗೆ?"

ಆಗಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದು? ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು. ಕೋರ್ಟಿಗೆ ಬರ್ತೇನೆ. ಕಂಡದ್ದು ಹೇಳ್ತೇನೆ. ಬಾಕ್ಸ್ ಬಂದದ್ದು ನಾನು ನೋಡಿದ್ದೇನೆ, ನಿನ್ನ ಹಾಗೆ ಸುಳ್ಳು ಹೇಳುವವಳಲ್ಲ."

ವಿಚಾರಣೆಯ ದಿನ ನೌಫಲ್ ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ ಬಂದಿದ್ದ. ಅವನ ಅತ್ತರಿನ ವಾಸನೆ ನಾನು ನಿಂತಲ್ಲಿಗೂ ಬರುತ್ತಿತ್ತು. ನನ್ನ ಬಟ್ಟೆಯಲ್ಲಿ ಎಣ್ಣೆಯ ವಾಸನೆ. ಜೈನಬಮ್ಮ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದರು. ನನ್ನನ್ನು ಕಟಕಟೆಗೆ ಕರೆದರು. ಅವನ ವಕೀಲರು ಒಂದು ಫೋಟೋ ತೋರಿಸಿದರು. ನೀಲಿ ಹಗ್ಗದ ಪೆಟ್ಟಿಗೆ. ಮೇಲೆ ದೊಡ್ಡದಾಗಿ ನನ್ನ ಹೆಸರು.

"ಈ ಪೆಟ್ಟಿಗೆ ನಿಮ್ಮ ಮನೆಗೆ ಬಂದದ್ದು ಹೌದೋ ಅಲ್ಲವೋ?"

ಹೌದು ಎಂದೆ. ಸ್ವರ್ಣಲತಾ ತಿರುಗಿ ನನ್ನನ್ನು ನೋಡಿದರು.

"ಇನ್ನು ಇದನ್ನು ಕೇಳಿ," ಎಂದರು ವಕೀಲರು. ಮೊಬೈಲಿನಲ್ಲಿ ಒಂದು ದನಿ ಹೊರಟಿತು.

ನನ್ನ ಮಗಳ ದನಿ.

"ಉಪ್ಪಾ, ಅಸ್ಸಲಾಮು ಅಲೈಕುಂ. ಬಾಕ್ಸ್ ಸಿಕ್ಕಿತು, ಓನರ್ ಜೈನಬಮ್ಮನೂ ನೋಡಿದ್ರು. ಫೋಟೋ ಕಳಿಸಿದ್ದೇನೆ ನೋಡಿ. ಪಿಸ್ತಾ ಚಾಕಲೇಟ್ ನನಗೆ ಇಷ್ಟ ಅಂತ ನಿಮಗೆ ಗೊತ್ತುಂಟಲ್ಲ! ಥ್ಯಾಂಕ್ಸ್ ಉಪ್ಪಾ. ನೀವು ಯಾವಾಗ ಬರ್ತೀರಿ?"

ಇಂತಹವು ಮೂರಿದ್ದವು. ಮೂರನ್ನೂ ಕೇಳಿಸಿದರು. ಮೂರರಲ್ಲೂ ಥ್ಯಾಂಕ್ಸ್ ಇತ್ತು. ಮೂರರಲ್ಲೂ ಯಾವಾಗ ಬರುತ್ತೀರಿ ಎಂದು ಕೇಳಿದ್ದಳು.

ನನಗೆ ಇದು ಗೊತ್ತೇ ಇರಲಿಲ್ಲ. ಅವನ ಹೆಸರು ಕಂಡರೆ ಹೊಟ್ಟೆ ಉರಿಯುತ್ತದೆ ಎಂದು ಆ ಚಾಟನ್ನು ಕಣ್ಣಿಗೆ ಕಾಣದ ಹಾಗೆ ಅಡಗಿಸಿಟ್ಟಿದ್ದೆ. ಹಾಗೆ ಅಡಗಿಸುವುದನ್ನು ನನಗೆ ಹೇಳಿಕೊಟ್ಟವಳೇ ಸಜ್ನಾ. ನಾನು ಪಾತ್ರೆ ತೊಳೆಯುವಾಗಲೋ ಬಟ್ಟೆ ಒಗೆಯುವಾಗಲೋ ಅವಳು ಅದನ್ನು ತೆರೆದು ತನ್ನ ಉಪ್ಪನ ಜೊತೆ ಮಾತಾಡಿದ್ದಳು. ಅವನು ಉತ್ತರ ಕೊಟ್ಟಿರಲಿಲ್ಲ. ಆದರೆ ಕೇಳಿದ್ದ. ತಾನು ಏನೂ ಕಳಿಸಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಒಮ್ಮೆ ಫೋನ್ ಮಾಡಿ, ಮೋಳೇ ಅದು ನಾನಲ್ಲ ಎನ್ನಲಿಲ್ಲ. ಒಂದು ಚಾಕಲೇಟು ನಿಜವಾಗಿಯೂ ಕಳಿಸೋಣ ಎಂದು ಅನಿಸಲಿಲ್ಲ. ಮಗು ಕೊಟ್ಟ ಥ್ಯಾಂಕ್ಸ್ ತೆಗೆದುಕೊಂಡ. ಜೋಪಾನವಾಗಿ ಇಟ್ಟುಕೊಂಡ. ತಂದು ವಕೀಲರ ಕೈಗೆ ಕೊಟ್ಟ.

ಅವನ ಕಡೆ ನೋಡಿದೆ. ಅವನು ವಾಚು ತಿರುಗಿಸುತ್ತಿದ್ದ.

"ಮಗುವೇ ಒಪ್ಪಿಕೊಂಡಿದೆ," ಎಂದರು ಅವನ ವಕೀಲರು. "ತಂದೆ ಸಾಮಾನು ಕಳಿಸಿದ್ದಾರೆ, ಸಾಮಾನಿನ ಜೊತೆ ಹಣವೂ ಬಂದಿದೆ. ಹೌದಲ್ಲವೇ?"

ನಿಜ ಹೇಳಿದರೆ ಜೈನಬಮ್ಮನಿಗೆ ಗೊತ್ತಾಗುತ್ತದೆ. ನಾಲ್ಕು ಕೋಣೆಗೂ ಗೊತ್ತಾಗುತ್ತದೆ. ಸಾಬೂನು, ಬಾದಾಮಿ ಕೊಂಡು ಗಂಡನನ್ನು ಹುಟ್ಟಿಸಿಕೊಂಡವಳು ಎಂದು ಮೂಡುಬಿದಿರೆಯೆಲ್ಲ ನಗುತ್ತದೆ. ಸಜ್ನಾಳಿಗೂ ಹೇಳಬೇಕಾಗುತ್ತದೆ. ಹೇಳದಿದ್ದರೆ ಅರವತ್ತು ಸಾವಿರ ಹೋಗುತ್ತದೆ. ಇನ್ನು ಮುಂದಿನದೂ ಹೋಗುತ್ತದೆ, ಪ್ರತಿ ವರ್ಷ ಇದೇ ದನಿ ಕೇಳಿಸುತ್ತಾನೆ. ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಬೆರಳು ನೋಯತೊಡಗಿತು.

"ಹೇಳಿ ಅಮ್ಮ," ಎಂದರು ಜಡ್ಜ್. "ಪೆಟ್ಟಿಗೆ ಕಳಿಸಿದ್ದು ಯಾರು?"

"ನಾನು."

"ಏನಂದಿರಿ?"

"ಪೆಟ್ಟಿಗೆ ಕಟ್ಟಿದ್ದು ನಾನು ಸ್ವಾಮಿ. ಮೂರೂ ನಾನೇ. ಬಿ.ಸಿ.ರೋಡಿನ ಅಂಗಡಿಯಲ್ಲಿ ಸಾಮಾನು ತೆಗೆದೆ. ಖಾಲಿ ಬಾಕ್ಸ್ ಕೇಳಿ ತೆಗೆದುಕೊಂಡೆ. ಆ ಅಕ್ಷರ ನನ್ನದು. ಒಳಗೆ ಅರ್ಧಕ್ಕೂ ಹೆಚ್ಚು ಹಳೆ ಪೇಪರು. ಗಂಡ ಇಲ್ಲ ಅಂತ ಹೇಳಿದರೆ ನನಗೆ ಮನೆ ಕೊಡುವವರಿಲ್ಲ. ಅದಕ್ಕೆ ಗಂಡ ಇದ್ದಾನೆ ಅಂದೆ. ಇದ್ದಾನೆ ಅಂದ ಮೇಲೆ ಅವನು ಏನಾದರೂ ಕಳಿಸಬೇಕಲ್ಲ? ಅವನು ಕಳಿಸಲಿಲ್ಲ. ನಾನು ಕಳಿಸಿಕೊಂಡೆ."

ದನಿ ಜೋರಾಗಿ ಹೋಗಿತ್ತು. ಹಿಂದೆ ಯಾರೋ ನಕ್ಕರು. ನಗಲಿ. ನಾನು ನಿಲ್ಲಿಸಲಿಲ್ಲ.

"ಮಗುವಿಗೆ ಕನ್ನಡಕ ಕೊಡಿಸಲು ಆಗಲಿಲ್ಲ ಸ್ವಾಮಿ. ಅದೇ ಹಣಕ್ಕೆ ಬಾಕ್ಸ್ ಕಟ್ಟಿದೆ. ಅದಕ್ಕೆ ನನಗೆ ಏನು ಬೇಕಾದರೂ ಹೇಳಿ, ಕೇಳುತ್ತೇನೆ. ಆದರೆ ಇವನು ಒಂದು ಪೈಸೆ ಕಳಿಸಿಲ್ಲ. ಕಳಿಸದ ಸಾಮಾನಿಗೆ ಮಗುವಿನ ಥ್ಯಾಂಕ್ಸ್ ತಿಂದಿದ್ದಾನೆ."

ಸ್ವರ್ಣಲತಾ ಎದ್ದು ನಿಂತರು. ಅವರ ಮುಖದಲ್ಲಿ ಸಿಟ್ಟಿತ್ತು, ಅದರಲ್ಲಿ ಅರ್ಧ ನನ್ನ ಮೇಲೆ. "ಸಾಮಾನಿಗೆ ಹಣ ಹೇಗೆ ಕೊಟ್ಟಿರಿ?" ಎಂದು ಕೇಳಿದರು.

"ಫೋನಿನಲ್ಲಿ. ಸ್ಕ್ಯಾನ್ ಮಾಡಿ."

"ತೆಗೆಯಿರಿ."

ತೆಗೆದೆ. ಎಲ್ಲ ಅಲ್ಲೇ ಇತ್ತು. ಮೂರು ತಾರೀಕು, ಮೂರು ಮೊತ್ತ, ಹನೀಫಾ ಅವರ ಅಂಗಡಿಯ ಹೆಸರು. ಸಜ್ನಾ ಫೋಟೋ ಕಳಿಸಿದ್ದೂ ಅದೇ ಮೂರು ದಿನ. ಒಂದು ವರ್ಷದಿಂದ ಸಾಕ್ಷಿ ನನ್ನ ಜೇಬಿನಲ್ಲೇ ತಿರುಗಾಡುತ್ತಿತ್ತು. ಜಡ್ಜ್ ಫೋನ್ ನೋಡಿ, ನೌಫಲನನ್ನು ಎದ್ದು ನಿಲ್ಲಲು ಹೇಳಿದರು. ಯಾರ ಕೈಯಲ್ಲಿ ಕಳಿಸಿದೆ, ಅವರ ಹೆಸರು ಹೇಳು ಎಂದರು. ಅವನು ಒಂದು ಹೆಸರು ಹೇಳಿದ. ಅವರ ಫೋನ್ ನಂಬರ್? ಇಲ್ಲ. ಎರಡನೆ ಸಲದ್ದು ಯಾರು? ನೆನಪಿಲ್ಲ. ಅವನ ವಕೀಲರು ಜೈನಬಮ್ಮನನ್ನು ಕರೆಯುವ ಗೋಜಿಗೆ ಹೋಗಲಿಲ್ಲ.

ಹದಿನೈದು ದಿನದೊಳಗೆ ಅರವತ್ತು ಸಾವಿರ ಕಟ್ಟಬೇಕು, ತಪ್ಪಿದರೆ ಜೈಲು ಎಂದು ಆದೇಶವಾಯಿತು. ಹಿಂದಿರುಗುವ ವಿಮಾನ ತಪ್ಪುತ್ತದೆ ಎಂದು ಎಂಟನೆ ದಿನಕ್ಕೇ ಕಟ್ಟಿದ. ಕೊಡಲು ಇಲ್ಲದೆ ಕೊಡದಿದ್ದವನಲ್ಲ. ಮೊದಲಿನ ಐದು ತಿಂಗಳದ್ದು ಈವರೆಗೆ ಬಂದಿಲ್ಲ.

ವಿಚಾರಣೆಯ ದಿನವೇ, ಕೋರ್ಟಿನ ಹೊರಗೆ ಬಸ್ಸಿಗೆ ಕಾಯುವಾಗ ಜೈನಬಮ್ಮ ಹತ್ತಿರ ಬಂದರು. ನನ್ನ ಮುಖ ನೋಡಲಿಲ್ಲ.

"ನಾವು ತಿಂದದ್ದು ನಿನ್ನ ಚಪಾತಿ ದುಡ್ಡಾ?"

"ಹೌದು."

"ಹೇಳ್ಬಹುದಿತ್ತಲ್ಲ."

"ಹೇಳಿದ್ದರೆ ಕೋಣೆ ಕೊಡ್ತಿದ್ರಾ?"

ಅವರು ರಸ್ತೆ ನೋಡಿದರು. "ಆದರೂ ಮೇ ಕೊನೆಗೆ ಖಾಲಿ ಮಾಡು. ಜನ ಮಾತಾಡ್ತಾರೆ," ಎಂದರು.

"ಮಾಡುವುದಿಲ್ಲ," ಎಂದೆ. "ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಜನವರಿಯಲ್ಲಿ ಹೊಸದಾಗಿ ಬರೆದ ಕರಾರು ನವೆಂಬರಿನವರೆಗೆ ಉಂಟು. ಬೇಕಾದರೆ ನೀವೂ ಕೋರ್ಟಿಗೆ ಬನ್ನಿ. ದಾರಿ ಈಗ ನನಗೆ ಗೊತ್ತುಂಟು."

ಹಾಗೆ ಹೇಳಿದವಳು ನಾನೇನಾ ಎಂದು ಬಸ್ಸಿನಲ್ಲಿ ಕೂತ ಮೇಲೆ ಅನಿಸಿತು. ಗುರುವಾಯನಕೆರೆಯಲ್ಲಿ ಬಸ್ಸು ನಿಂತಾಗ ಸೆರಗು ಎಳೆದುಕೊಳ್ಳುವುದು ಮರೆತುಹೋಯಿತು. ಕೋಣೆ ಖಾಲಿ ಮಾಡಲಿಲ್ಲ. ಈಗ ನಮ್ಮ ಬಾಗಿಲಿಗೆ ತಟ್ಟೆ ಬರುವುದಿಲ್ಲ. ರಶೀನಾ ಕಂಡರೆ ಮುಖ ತಿರುಗಿಸುತ್ತಾಳೆ. ನನಗೆ ಬೇಜಾರಾಗುತ್ತದೆ, ಇಲ್ಲ ಎನ್ನುವುದಿಲ್ಲ.

ಕೋರ್ಟಿಗೆ ಹೋದ ಆ ದಿನ ಸಂಜೆ ಸಜ್ನಾ ಆಟ ಮುಗಿಸಿ ಬಂದಳು. ನನ್ನ ಉಮ್ಮ ಸಾಲ ಮಾಡಿ ಕೊಡಿಸಿದ ಕನ್ನಡಕ ಮೂಗಿನ ಮೇಲಿತ್ತು. ಚಾ ಕೊಟ್ಟು ಎದುರು ಕೂರಿಸಿದೆ. ಕೋರ್ಟಿನಲ್ಲಿ ಹೇಳುವುದಕ್ಕಿಂತ ಇದು ಕಷ್ಟವಾಯಿತು.

"ಆ ಬಾಕ್ಸ್ ಉಪ್ಪ ಕಳಿಸಿದ್ದಲ್ಲ ಮೋಳೇ. ನಾನು ಕಟ್ಟಿದ್ದು. ನಿನಗೆ ಸುಳ್ಳು ಹೇಳಿದೆ."

ಅವಳು ಅಳಲಿಲ್ಲ. ಬಿಸ್ಕತ್ತನ್ನು ಚಾದಲ್ಲಿ ಅದ್ದಿದವಳು ಹಾಗೇ ಹಿಡಿದುಕೊಂಡಳು. ಅದು ಮುರಿದು ಲೋಟದೊಳಗೆ ಬಿತ್ತು.

"ಮೂರೂ?"

"ಮೂರೂ."

"ನಾನು ಪಿಸ್ತಾ ಚಾಕಲೇಟ್ ತಿನ್ನಲು ಶುರು ಮಾಡಿದ್ದೇ ಉಪ್ಪ ಹೋದ ಮೇಲೆ," ಎಂದಳು. "ಅವರಿಗೆ ಹೇಗೆ ಗೊತ್ತಾಯ್ತು ಅಂತ ನಾನು ಎಣಿಸ್ತಾ ಇದ್ದೆ."

ಆಮೇಲೆ ನಾನು ಉಳಿದದ್ದನ್ನೂ ಹೇಳಿದೆ. ಅವಳ ದನಿಯನ್ನು ಅವನು ಏನು ಮಾಡಿದ ಎಂದು ಹೇಳಿದೆ. ಎಲ್ಲರ ಎದುರು ಕೇಳಿಸಿದರಾ ಎಂದು ಕೇಳಿದಳು. ಹೌದು ಎಂದೆ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾದಳು. ಆ ಕೆಂಪು ನನಗೆ ಗೊತ್ತು. ಹನೀಫಾ ಅವರ ಅಂಗಡಿಯಲ್ಲಿ ಬಗ್ಗಿ ಹೆಸರು ಬರೆಯುವಾಗ ನನ್ನ ಕಿವಿಯೂ ಹಾಗೇ ಆಗಿತ್ತು. ನನ್ನದು ಅವಳಿಗೂ ಬಂತು.

ಅವಳು ಎದ್ದು ನನ್ನ ಫೋನ್ ತೆಗೆದುಕೊಂಡಳು. ಅಡಗಿಸಿಟ್ಟ ಚಾಟು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಬೇಡ ಎನ್ನಲು ಹೋದವಳು ಚಾದ ಲೋಟ ಎತ್ತಿಟ್ಟೆ. ಹೊಸ್ತಿಲಲ್ಲಿ ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಶಾಲೆಯಲ್ಲಿ ಪಾಠ ಓದುವ ಹಾಗೆ ನಿಧಾನವಾಗಿ ಹೇಳಿದಳು:

"ಉಪ್ಪಾ, ನಾನು ಸಜ್ನಾ. ಬಾಕ್ಸ್ ಕಳಿಸಿದ್ದು ಉಮ್ಮ. ನನಗೆ ಯಾವ ಚಾಕಲೇಟ್ ಇಷ್ಟ ಅಂತ ನಿಮಗೆ ಗೊತ್ತಿಲ್ಲ. ನಾನು ಹೇಳಿದ ಥ್ಯಾಂಕ್ಸ್ ನಿಮಗಲ್ಲ, ಮೂರೂ ನಿಮಗಲ್ಲ. ಇದನ್ನೂ ಇಟ್ಟುಕೊಳ್ಳಿ. ಇದನ್ನೂ ಕೋರ್ಟಿಗೆ ಕೊಡಿ."